ಪಾಲಿಗೆ ಬಂದ ಗಾಜಿನ ಬೀರು

ಸಾಸ್ಕಾಚೆವಾನ್, ಬಿತ್ತನೆಯ ಮುನ್ನಾ ವಾರ

ಗೋಧಿ ಬೆಳೆಯುವ ಮಹಾಜನರೇ, ಅವರ ನಡುವೆ ಗಂಭೀರವಾಗಿ ಕೂತಿರುವ ನನ್ನ ಅಪ್ಪಾ,

ಚೆಂಡು ಉರುಳಿಸಿ ಗೂಟ ಬೀಳಿಸುವ ಐದು ಪಿನ್ ಬೌಲಿಂಗ್‌ನ ರಾಷ್ಟ್ರೀಯ ಚಾಂಪಿಯನ್ ಲೆಸ್ಯಾಳ ಅರಿಕೆ. ಅಪ್ಪಾ, ಹೊಲವನ್ನೆಲ್ಲ ನನ್ನ ತಮ್ಮ ತಾರಸ್‌ಗೆ ಬರೆದುಕೊಟ್ಟು, ನನ್ನ ಕಪ್‌ಗಳಿಗೆಂದು ಗಾಜಿನ ಬೀರು ಮಾಡಿಸಿದ್ದೀರಿ. “ನಿಂಗೆ ಚೆಂಡಿದೆಯಲ್ಲೇ ತಾಯಿ, ಅವನಿಗೇನಿದೆ ಪಾಪ?” ಅಂದಿರಿ. ಆ ಪಾಪದವನಿಗೆ ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆಯಲೂ ಬರುವುದಿಲ್ಲ. ಬಿತ್ತಿದವಳು ನಾನು, ಕೊಯ್ದವಳು ನಾನು. ಫಲಕ ನನಗೆ, ಫಸಲು ಅವನಿಗೆ. ಭಾನುವಾರದೊಳಗೆ ಬೀರುವನ್ನು ಒಯ್ಯಿರಿ. ತಾರಸ್ ಅದರಲ್ಲಿ ತನ್ನ ಬೂಟು ಇಟ್ಟುಕೊಳ್ಳಲಿ, ಹೇಗೂ ಅವಕ್ಕೆ ಮಣ್ಣು ಹತ್ತುವುದಿಲ್ಲ.

ಹೊಲ ಹಿಮದಡಿ ಮಲಗಿದ ತಿಂಗಳುಗಳಲ್ಲಿ ಕೈ ಸುಮ್ಮನಿರಲಾರದೆ ಚೆಂಡು ಉರುಳಿಸಿದೆ, ಅಪ್ಪಾ. ಆ ಆಟ ನನಗೆ ಯಾವತ್ತೂ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಹೊಲ.

ನಿಮ್ಮ ಮಗಳು,
ಲೆಸ್ಯಾ