ಹುಬ್ಬು ಕೊಟ್ಟ ಉತ್ತರ

ಸುವಾ, ಜೂನ್ ೧೨, ಗುರುವಾರ

ಪಾಸ್! ನನ್ನ ಗಂಡ ಡಾಕ್ಟರ್ ಓದಿನ ನರರೋಗ ಪರೀಕ್ಷೆಯಲ್ಲಿ ಪಾಸ್! ಮದುವೆಯಾಗಿ ಐದು ವಾರ, ಈ ಒಂದು ವಿಷಯಕ್ಕೆ ಹೆದರಿ ವಿಲಿಕೇಸಾ ಸರಿಯಾಗಿ ಊಟ ಮಾಡಿದ್ದೇ ಇಲ್ಲ. "ಎದೆಗೆ ಕಿವಿ ಇಟ್ರೆ ಹೃದಯ ಕೇಳ್ಸತ್ತೆ ಕಣೇ. ಮೆದುಳಿಗೆ ಎಲ್ಲಿ ಇಡ್ಲಿ ಕಿವಿ?" ಎನ್ನುತ್ತಿದ್ದ.

ಇವತ್ತು ಲಕ್ವ ಹೊಡೆದ ಒಬ್ಬ ಅಜ್ಜಿಯನ್ನು ಪರೀಕ್ಷಿಸಬೇಕಿತ್ತು. ಕಣ್ಣು ಮುಚ್ಚಿಸಿ, ಕಾಲಿಗೆ ಸೂಜಿ ಮುಟ್ಟಿಸಿ, ಗೊತ್ತಾಗುತ್ತದೆಯೇ ಎಂದು ಕೇಳಬೇಕು. ಅಜ್ಜಿ ಮಾತೇ ಆಡಲಿಲ್ಲವಂತೆ. ಮುಂಚೆ ಹೋದ ಇಬ್ಬರು ವಿದ್ಯಾರ್ಥಿಗಳು ಕಾಲನ್ನೇ ದಿಟ್ಟಿಸಿ, ಸ್ಪರ್ಶ ತಿಳಿಯುವುದಿಲ್ಲ ಎಂದು ಬರೆದು ಬಂದರು. ಇವನು ಮುಖ ನೋಡಿದ! ಸೂಜಿ ತಾಗಿದಾಗಲೆಲ್ಲ ಅಜ್ಜಿ ಹುಬ್ಬು ಎತ್ತುತ್ತಿದ್ದರು. ನಮ್ಮ ಫಿಜಿಯಲ್ಲಿ ಹೌದು ಎನ್ನುವುದೇ ಹಾಗಲ್ಲವೇ? ಹೆದರಿಕೆಯಲ್ಲಿ ಆ ಇಬ್ಬರಿಗೆ ಅದೂ ಮರೆತುಹೋಗಿತ್ತು, ಪಾಪ.

ಸಿಡ್ನಿಯಿಂದ ಬಂದಿದ್ದ ಪರೀಕ್ಷಕರು ನಂಬಲಿಲ್ಲ. "ಹುಬ್ಬು ಎತ್ತಿದ್ರೆ ಹೌದು ಅಂತ ಯಾರಪ್ಪಾ ಹೇಳಿದ್ದು ನಿಂಗೆ?"

"ನನ್ನ ಹೆಂಡ್ತಿ ಸರ್. ಮದ್ವೆ ಆಗ್ತೀಯಾ ಅಂದಾಗ ಬಾಯೇ ಬಿಡ್ಲಿಲ್ಲ, ಹುಬ್ಬು ಎತ್ತಿದ್ಲು. ಅದು ಹೌದಲ್ಲ ಅಂದ್ರೆ ನಂಗಿನ್ನೂ ಮದ್ವೇನೇ ಆಗಿಲ್ಲ ಸರ್!"

ಪರೀಕ್ಷೆಯಲ್ಲಿ, ಎಲ್ಲರೆದುರಿಗೆ, ನನ್ನ ಹುಬ್ಬಿನ ಮಾತು! ಅಮ್ಮನಿಗೆ ಹೇಳಬೇಕು. ಅಮ್ಮನಿಗೊಬ್ಬಳಿಗೇ ಏಕೆ, ಇಡೀ ಸುವಾಕ್ಕೇ...