ಬೆನ್ನಿಗೆ ಹತ್ತಿದ ಮಣ್ಣು

ಅಪ್ಪ,

ನೀವು ತೀರಿಕೊಂಡು ವರ್ಷವಾದರೂ ಈ ಸುದ್ದಿಯನ್ನು ಮೊದಲು ನಿಮಗೇ ಹೇಳಬೇಕೆನಿಸಿದೆ. ಇಂದು ತಾಂಡೂರಿನ ಸ್ಟೇಶನ್ ಮೈದಾನದಲ್ಲಿ ನಮ್ಮ ಕಾಲೇಜಿನ ಹುಡುಗರು ಬಾಸ್ಕೆಟ್‌ಬಾಲಿನಲ್ಲಿ ಹೈದರಾಬಾದಿನವರನ್ನು ಸೋಲಿಸಿದರು. ಕಲಿಸಿದವನು ನಾನು, ನಾರಾಯಣಖೇಡದ ಮನ್ಮಥಪ್ಪ ಪೈಲ್ವಾನರ ಮಗ!

ಬೆನ್ನಿಗೆ ಮಣ್ಣು ಹತ್ತಿದರೆ ಸೋತಂತೆ ಎಂಬ ನಿಮ್ಮ ಕುಸ್ತಿಯ ನಿಯಮವನ್ನೇ ನಾನು ಈ ಆಟಕ್ಕೂ ತಂದಿದ್ದೆ. ಇದರಲ್ಲಿ ಬಿದ್ದರೆ ಸೋಲಲ್ಲ ಎಂದು ಪ್ರಿನ್ಸಿಪಾಲರು ಹೇಳಿದರೂ ಕೇಳಲಿಲ್ಲ. ಅಂಗಾತ ಬಿದ್ದವನನ್ನು ತಂಡದಿಂದ ತೆಗೆಯುತ್ತಿದ್ದೆ. ನನ್ನ ಹುಡುಗರು ಬಂಡೆಯಂತೆ ನಿಲ್ಲುವುದು ಅದಕ್ಕೇ ಎಂದು ಮೀಸೆ ತಿರುವುತ್ತಿದ್ದೆ.

ಇಂದು ಕೊನೆಯ ಗಳಿಗೆಯವರೆಗೂ ಆಟ ಸಮಸಮವಾಗಿತ್ತು. ವೈಜಿನಾಥನೆಂಬ ಹುಡುಗ ಚೆಂಡನ್ನು ಎಸೆಯುತ್ತಲೇ ಅಂಗಾತ ಬಿದ್ದ. ಚೆಂಡು ಬುಟ್ಟಿಯೊಳಗೆ ಇಳಿಯಿತು. ಎಲ್ಲರೂ ಕುಣಿದರು, ಗೆಲ್ಲಿಸಿದವನು ಮಾತ್ರ ಕಂಬಕ್ಕೆ ಬೆನ್ನು ಒತ್ತಿ ನಿಂತಿದ್ದ.

"ಬಾರೋ ಇಲ್ಲಿ," ಎಂದೆ.

"ಮಾಸ್ತರ್ರೀ, ಬೆನ್ನಿಗಿ ಮಣ್ಣ ಹತ್ಯದರಿ. ನನ್ನ ತೆಗೀಬ್ಯಾಡ್ರಿ," ಎಂದ.

ಝರಾಸಂಗಮದ ಕುಸ್ತಿಯಲ್ಲಿ ನಾನು ಸೋತು ಬಂದ ಸಂಜೆ, ಅವ್ವ ಬಡಿಸಿದ ತಟ್ಟೆಯನ್ನು ನೀವು ನನ್ನ ಮುಂದಿನಿಂದ ಎತ್ತಿದ್ದು ನೆನಪಾಯಿತು.

ಅವನನ್ನು ಹೆಗಲ ಮೇಲೆ ಹೊತ್ತೆ. ಬೆನ್ನು ಒರೆಸಗೊಡಲಿಲ್ಲ. ಆ ಮಣ್ಣನ್ನು ತಾಂಡೂರಿನ ಪೇಟೆಯೆಲ್ಲ ನೋಡಲಿ ಎಂದು ಹಾಗೆಯೇ ಮೆರೆಸಿದೆ.

"ಯಾರ ಶಾಗಿರ್ದ್, ಯಾರ ಶಿಷ್ಯ ಇದ್ದಾನ್ರಿ ಇಂವ?" ಎಂದು ಜನ ಕೇಳಿದರು.

"ನನ್ನಂವ!" ಎಂದು ಕೂಗಿದೆ.

ಆಮೇಲೆ ಅವನಿಗೆ ರೊಟ್ಟಿ, ಪುಂಡಿಪಲ್ಯ ನಾನೇ ಬಡಿಸಿದೆ. ಎಷ್ಟು ಉಂಡ, ಅಪ್ಪ! ನೀವು ನೋಡಬೇಕಿತ್ತು.