ಯಾಂಗರನ ಹೆಸರಿಗೆ ಓಗೊಟ್ಟೆ

ದಿಖು ಹೊಳೆಯಾಚೆ, ಸಾಹೇಬರ ಡೇರೆ
೯ ಜನವರಿ ೧೯೧೨

ನನ್ನ ಅರೆನ್ಲಾ,

ಹೇಗಿದ್ದೀಯೆ? ಮಂಡಿ ನೋವು ಇಳಿಯಿತೇ? ಹಂದಿಮರಿಗಳು ಉಳಿದವೇ? ಮೊದಲೇ ಹೇಳಿಬಿಡುತ್ತೇನೆ, ನಾನು ಬದುಕಿದ್ದೇನೆ. ಈ ಕಾಗದ ಇವತ್ತೇ ಹೊರಡುತ್ತದೆ. ನಾಳೆ ಇಲ್ಲಿಂದ ಹೊರಡುವ ಜವಾನ ನಮ್ಮೂರ ಹೆಬ್ಬಾಗಿಲಲ್ಲಿ ನಿಂತು ಲಾನುಕಾಬಾ ಸತ್ತ ಎಂದು ಓದಿದರೆ ನಂಬಬೇಡ. ಶಾಲೆಯಲ್ಲಿ ನೀನು ಆಡಿಕೊಂಡು ನಗುತ್ತಿದ್ದ ಈ ಕಾಗೆಕಾಲು ಗುಬ್ಬಿಕಾಲು ಅಕ್ಷರವನ್ನು ನನ್ನ ಬಿಟ್ಟು ಇನ್ಯಾರು ಬರೆದಾರು!

ಇಲ್ಲಿ ಮಂಜು ಮಧ್ಯಾಹ್ನದವರೆಗೂ ಏಳುವುದಿಲ್ಲ. ಸಾಹೇಬರು ಮೂರು ಕಾಲಿನ ದುರ್ಬೀನು ನೆಟ್ಟು ಬೆಟ್ಟ ಕಾಣಲೆಂದು ಕಾಯುತ್ತಾರೆ. ನಾವು ಅವರ ನೆಲ ಅಳೆಯುವ ಸರಪಳಿ, ಪೆಟ್ಟಿಗೆ, ಮಡಚುವ ಮಂಚ ಹೊತ್ತು ಕಾಯುತ್ತೇವೆ. ಬೆನ್ನ ಬುಟ್ಟಿಯ ಭಾರ ಹೊರಲು ಹಣೆಗೆ ನೀನು ನೇಯ್ದುಕೊಟ್ಟ ಪಟ್ಟಿಯೇ. ಮುಂದಿನವನ ಬುಟ್ಟಿ ಬಿಟ್ಟರೆ ಏನೂ ಕಾಣದು. ನಡೆಯುತ್ತಲೇ ಮಂಪರು ಕವಿದು, ನಮ್ಮ ಒಲೆಯ ಹೊಗೆ, ಕಳಲೆ ಬೇಯುವ ವಾಸನೆ ಮೂಗಿಗೆ ಬರುತ್ತದೆ. ಎಷ್ಟು ಸುಖ ಗೊತ್ತೇ! ಒಮ್ಮೆ ನಿನ್ನನ್ನು ಉಪ್ಪು ಕೇಳಿಯೇಬಿಟ್ಟೆ. ಹಿಂದಿದ್ದ ನಮ್ಮೂರ ಯಾಂಗರ್, "ಲೋ, ನಾನೇನು ನಿನ್ನ ಹೆಂಡ್ತಿನೇನೋ?" ಎಂದು ಬುಟ್ಟಿ ಅಲುಗುವಷ್ಟು ನಕ್ಕ.

ಆ ಯಾಂಗರನದೇ ಈ ಉಪಾಯ. ಪರರ ಕಾಡಿನಲ್ಲಿ ನಿಜವಾದ ಹೆಸರನ್ನು ಗಟ್ಟಿಯಾಗಿ ಹೇಳಬಾರದಲ್ಲ. ಕೇಳಿಸಿಕೊಂಡ ದೆವ್ವ ಅದೇ ಹೆಸರು ಹಿಡಿದು ಕರೆಯುತ್ತದೆ. ಗುಮಾಸ್ತರೋ ದಿನಾ ಬೆಳಗ್ಗೆ ಹಾಜರಿ ಕೂಗುವವರು. "ನೀನು ನಾನಾಗು, ನಾನು ನೀನಾಗ್ತೀನಿ. ದೆವ್ವ ತಲೆ ಕೆರ್ಕೊಂಡು ಕೂತ್ಕೊಳ್ಳಲಿ," ಎಂದ. ಹಾಗೆಯೇ ಬರೆಸಿದೆವು. ಲಾನುಕಾಬಾ ಎಂದರೆ ಅವನು, ಯಾಂಗರ್ ಎಂದರೆ ನಾನು.

ಕಳೆದ ವಾರ ಅವನಿಗೆ ಜ್ವರ ಬಂತು. ಮೂರನೆಯ ಬೆಳಗ್ಗೆ ನನ್ನ ತೊಡೆಯ ಮೇಲೆ ತಲೆಯಿಟ್ಟು, "ಯಾರೋ ಕರೀತಿದಾರೆ ಕಣೋ, ನಿನ್ನನ್ನೋ ನನ್ನನ್ನೋ?" ಎಂದು ಕೇಳಿದ. "ಯಾರನ್ನೂ ಇಲ್ಲ, ಮಲಗು," ಎಂದೆ. ಮಲಗಿದವನು ಏಳಲಿಲ್ಲ. ಗುಮಾಸ್ತರು ಲಾನುಕಾಬಾ ಎಂಬ ಹೆಸರಿನ ಮೇಲೆ ಗೆರೆ ಎಳೆದರು. ಹೆಸರು ಅದಲುಬದಲಾಗಿದೆ ಎಂದು ಎಷ್ಟು ಬೇಡಿಕೊಂಡರೂ, "ಸಾಹೇಬ್ರ ರುಜು ಬಿದ್ದಾಯ್ತು, ಸುಮ್ನೆ ನಡಿಯೋ," ಎಂದರು. ಈಗಲೂ ದಿನಾ ಬೆಳಗ್ಗೆ ಮಂಜಿನಲ್ಲಿ ಯಾಂಗರ್ ಎಂದು ಕೂಗುತ್ತಾರೆ. ನಾನು ಓ ಎನ್ನುತ್ತೇನೆ. ಒಂದೊಂದು ಸಲ ನನ್ನ ಹಿಂದಿನಿಂದಲೂ ಓ ಎಂದಂತೆ ಕೇಳುತ್ತದೆ. ಹೆದರಿಕೆಯಾಗುವುದಿಲ್ಲ, ಒಮ್ಮೆ ತಿರುಗಿ ನೋಡಿ ಬುಟ್ಟಿ ಹೊರುತ್ತೇನೆ ಅಷ್ಟೇ.

ಬಿತ್ತನೆಗೆ ಕಾಡು ಸುಡುವ ಹೊತ್ತಿಗೆ ಬಂದುಬಿಡುತ್ತೇನೆ. ಅಪ್ಪನನ್ನು ಬೆಂಕಿಯ ಹತ್ತಿರ ಕೂರಿಸು, ನಾನು ಕೇಳಿದೆನೆಂದು ಹೇಳು. ನೀನೂ ಬೆಚ್ಚಗಿರು.

ಜೀವಂತವಾಗಿರುವ ನಿನ್ನವನೇ,
ಲಾನುಕಾಬಾ

ಇನ್ನೊಂದು ಮಾತು. ಮರೆತದ್ದಲ್ಲ, ಬರೆಯಲಾರದೆ ಉಳಿಸಿಕೊಂಡದ್ದು. ಜವಾನ ಬಂದರೆ ನಿನ್ನನ್ನು ಸಮಾಧಾನ ಮಾಡಲು ಮೊದಲು ಓಡಿ ಬರುವವಳು ಯಾಂಗರನ ಅಮ್ಮ. ತನ್ನ ಮಗ ಉಳಿದನಲ್ಲ ಎಂದು ಒಳಗೊಳಗೇ ಉಸಿರು ಬಿಟ್ಟು, ಅದಕ್ಕೆ ನಾಚಿಕೊಂಡು, ನಿನ್ನ ತಲೆ ಸವರುತ್ತಾಳೆ. ಹಾಗಾಗಬಾರದು. ಈಗಲೇ ಎದ್ದು ಅವಳ ಮನೆಗೆ ಹೋಗು, ಕೈ ಹಿಡಿದುಕೊಂಡು ಹೇಳು. ಊರಿಗೆ ಬಂದ ಮೇಲೆ ದಿನಾ ಬೆಳಗ್ಗೆ ಅವಳ ಬಾಗಿಲಲ್ಲಿ ನಿಂತಿರುತ್ತೇನೆ. ಯಾಂಗರ್ ಎಂದು ಅವಳು ಕೂಗಲಿ, ಓ ಎನ್ನುತ್ತೇನೆ. ನನಗೆ ಅಭ್ಯಾಸವಾಗಿದೆ.